ಗಾಜಿನ ತೊಟ್ಟಿಯ ಅಂದಾಜು ವೈದ್ಯ

“ಅಣ್ಣಾ, ಗೋಲ್ಡ್‌ಫಿಷ್ ಒಂದು ಬೆಳಿಗ್ಗೆಯಿಂದ ಮೇಲೇ ಬಂದು ಬಾಯಿ ಬಿಡ್ತಾ ಇದೆ. ಊಟಾನೂ ಮುಟ್ತಿಲ್ಲ.”

“ಫಂಗಸ್ ಇರ್ಬೇಕು ಸಾರ್. ಈ ನೀಲಿ ಔಷಧಿ ಹತ್ತು ಹನಿ ಹಾಕಿ, ಒಂದು ಮುಷ್ಟಿ ಕಲ್ಲುಪ್ಪು ಹಾಕಿ. ನಾಳೆಗೆ ಸರಿಹೋಗ್ಲಿಲ್ಲ ಅಂದ್ರೆ ಹಳದಿ ಪುಡಿ ಇದೆ, ಅದು ಕೊಡ್ತೀನಿ.”

ಯಾವ ಊರಿನ ಅಕ್ವೇರಿಯಂ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಕೇಳಿದವರಿಗೆ ಮೀನಿನ ಮೇಲೆ ಅಕ್ಕರೆಯಿದೆ. ಹೇಳಿದವರಿಗೆ ವರ್ಷಗಟ್ಟಲೆ ಮೀನು ಸಾಕಿ ಮಾರಿದ ಅನುಭವವಿದೆ. ಆದರೂ ನಮ್ಮ ಮನೆ ಅಕ್ವೇರಿಯಂಗಳಲ್ಲಿ ಬೇರೂರಿರುವ ಈ ವೈದ್ಯಪದ್ಧತಿ ತಪ್ಪು ಕಡೆಯಿಂದ ಶುರುವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮಾತುಕತೆಯಲ್ಲಿ ಟ್ಯಾಂಕ್ ಎಷ್ಟು ಲೀಟರಿನದು ಎಂಬ ಪ್ರಶ್ನೆಯಿಲ್ಲ. ಟ್ಯಾಂಕ್ ಇಟ್ಟು ಎಷ್ಟು ದಿನವಾಯಿತು, ಕೊನೆಯ ಬಾರಿ ನೀರು ಬದಲಿಸಿದ್ದು ಯಾವಾಗ, ಅದು ನಲ್ಲಿ ನೀರೋ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ, ಹೊಸ ಮೀನು ಬಂದಿದೆಯೇ, ಮನೆಯಲ್ಲಿ ಏನಾದರೂ ಸಿಂಪಡಿಸಿದ್ದಾರೆಯೇ – ಯಾವುದೂ ಇಲ್ಲ. ಲಕ್ಷಣ ಕೇಳಿದ್ದಾಯಿತು, ಬಾಟಲಿ ಕೈಗೆ ಬಂದಾಯಿತು.

ಮೀನು ಮೇಲ್ಮೈಗೆ ಬಂದು ಬಾಯಿ ಬಿಡುವುದಕ್ಕೆ ಕಾರಣಗಳು ಎಷ್ಟೋ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಅಮೋನಿಯಾ ಕಿವಿರುಗಳನ್ನು ಸುಟ್ಟಿರಬಹುದು. ನೈಟ್ರೈಟ್ ರಕ್ತಕ್ಕೆ ಸೇರಿ, ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡಿರಬಹುದು. ಕ್ಲೋರಿನ್ ಇರಬಹುದು. ಕಿವಿರಿಗೆ ಹುಳ ಹತ್ತಿರಬಹುದು. ಬಿಳಿ ಚುಕ್ಕೆ ರೋಗದ ಪರಾವಲಂಬಿ ಮೈಮೇಲೆ ಕಾಣಿಸಿಕೊಳ್ಳುವ ಮೊದಲು ಕಿವಿರಿನಲ್ಲಿ ನೆಲೆ ಮಾಡಿರಬಹುದು. ಸೊಳ್ಳೆ ಓಡಿಸುವ ದ್ರಾವಣದ ಹಬೆಯೂ ಕಾರಣವಾಗಿರಬಹುದು. ಬರೀ ಫಂಗಸ್ಸಿನಿಂದಲೇ ಮೀನು ಹೀಗೆ ಏದುಸಿರು ಬಿಡುವುದು ಈ ಪಟ್ಟಿಯಲ್ಲಿ ತೀರ ಅಪರೂಪದ್ದು.

ಇಷ್ಟೊಂದು ಕಾರಣಗಳಿಗೆ ಒಂದೇ ಮುಖ ಏಕೆ? ಮೀನಿನ ಕಿವಿರು ಉಸಿರಾಟಕ್ಕೆ ಮಾತ್ರ ಮೀಸಲಾದ ಅಂಗವಲ್ಲ. ಮೈಯೊಳಗಿನ ಅಮೋನಿಯಾದ ಬಹುಪಾಲು ಹೊರಹೋಗುವುದು ಅದರ ಮೂಲಕವೇ. ಸಿಹಿನೀರಿನ ಮೀನಿನ ದೇಹಕ್ಕೆ ನೀರು ಸದಾ ಒಳನುಗ್ಗುತ್ತಿರುತ್ತದೆ, ಲವಣ ಹೊರಸೋರುತ್ತಿರುತ್ತದೆ. ಆ ಲವಣವನ್ನು ನೀರಿನಿಂದ ಮರಳಿ ಹೀರಿಕೊಳ್ಳುವ ಕೆಲಸವೂ ಕಿವಿರಿನದೇ. ಹಾಗಾಗಿ ಏಟು ಎಲ್ಲಿಂದ ಬಿದ್ದರೂ ಮೊದಲು ತಟ್ಟುವುದು ಅಲ್ಲಿಗೆ. ಮೀನು ತೋರಿಸಬಲ್ಲ ಲಕ್ಷಣಗಳೂ ಬೆರಳೆಣಿಕೆಯಷ್ಟೇ: ಏದುಸಿರು, ರೆಕ್ಕೆ ಮಡಚಿಕೊಳ್ಳುವುದು, ಮೂಲೆ ಸೇರುವುದು, ಕಲ್ಲಿಗೆ ಮೈ ಉಜ್ಜುವುದು, ಬಣ್ಣ ಮಂಕಾಗುವುದು, ಊಟ ಬಿಡುವುದು. ಕೆಮ್ಮಿದವರಿಗೆಲ್ಲ ಕ್ಷಯದ ಮಾತ್ರೆ ಕೊಟ್ಟಂತೆ ಲಕ್ಷಣವೊಂದನ್ನೇ ಹಿಡಿದು ಔಷಧಿ ಹಾಕಿದರೆ, ಗುರಿ ತಾಕುವುದು ಅದೃಷ್ಟವಿದ್ದಾಗ ಮಾತ್ರ.

ಎಡ್ವರ್ಡ್ ನೋಗಾ ಅವರ ‘ಫಿಶ್ ಡಿಸೀಸ್: ಡಯಗ್ನೋಸಿಸ್ ಅಂಡ್ ಟ್ರೀಟ್‌ಮೆಂಟ್’ ಮೀನಿನ ವೈದ್ಯ ಕಲಿಯುವವರು ಕೈಗೆತ್ತಿಕೊಳ್ಳುವ ದೊಡ್ಡ ಗ್ರಂಥಗಳಲ್ಲೊಂದು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಅದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಅದರ ಅನುಕ್ರಮ. ಸಮಸ್ಯೆಗಳ ಪಟ್ಟಿ ಆರಂಭವಾಗುವುದು ಬ್ಯಾಕ್ಟೀರಿಯಾದಿಂದಲೂ ಅಲ್ಲ, ವೈರಸ್ಸಿನಿಂದಲೂ ಅಲ್ಲ, ನೀರಿನಲ್ಲಿ ಆಮ್ಲಜನಕದ ಕೊರತೆಯಿಂದ. ಟ್ಯಾಂಕಿನ ಪಕ್ಕದಲ್ಲೇ ನಿಂತು ಪರೀಕ್ಷಿಸಿ ತೀರ್ಮಾನಿಸಬಹುದಾದವು ಮೊದಲು, ಪ್ರಯೋಗಾಲಯ ಬೇಕಾದವು ಆಮೇಲೆ. ನಮ್ಮ ಅಂಗಡಿ ವೈದ್ಯ ಇದನ್ನು ತಲೆಕೆಳಗು ಮಾಡಿಕೊಂಡಿದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ‘ಕಾರಣವೇ ಇಲ್ಲದೆ ಸತ್ತುಹೋಯಿತು’ ಎನ್ನುವ ಬಹುಪಾಲು ಸಾವುಗಳ ಉತ್ತರ ಅಲ್ಲಿಯೇ ಇರುತ್ತದೆ. ಮೀನಿನ ಹಿಕ್ಕೆ, ಕಿವಿರು, ಉಳಿದ ಆಹಾರ ಎಲ್ಲವುಗಳಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್, ಕಲ್ಲು, ಗಿಡ, ಆರು ಗೋಲ್ಡ್‌ಫಿಷ್ ಎಲ್ಲವನ್ನೂ ಒಂದೇ ಸಂಜೆ ಮನೆಗೆ ತಂದವರ ಮೀನು ಎರಡನೇ ವಾರ ಸಾಯುವುದರಲ್ಲಿ ನಿಗೂಢವೇನೂ ಇಲ್ಲ.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಮೀನಿಗೆ ಹೆಚ್ಚು ಕೇಡು ಮಾಡದು. ಮುಕ್ತ ಅಮೋನಿಯಾ ವಿಷ. ಎರಡರ ನಡುವಿನ ಪಾಲು ನಿರ್ಧಾರವಾಗುವುದು ನೀರಿನ ಪಿಎಚ್ ಮತ್ತು ತಾಪಮಾನದಿಂದ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ ಅರ್ಧದಷ್ಟು ಮಾತ್ರ. ಪಿಎಚ್ 8ಕ್ಕೆ ಅದು ಶೇಕಡಾ 5ಕ್ಕೆ ಏರುತ್ತದೆ. 9ಕ್ಕೆ ಹೋದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು. ಅಂದರೆ ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಯ ಮೆದು, ಹುಳಿ ನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯಾ ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದೇ ಮೀನನ್ನು ಕೊಲ್ಲಬಲ್ಲದು. ಮಂಗಳೂರಿನ ಸ್ನೇಹಿತರ ಸಲಹೆ ಕೋಲಾರದಲ್ಲಿ ನಡೆಯದೇ ಹೋಗುವುದು ಇದಕ್ಕೇ. ಸಲಹೆ ಕೊಟ್ಟವರು ಸುಳ್ಳು ಹೇಳಿರುವುದಿಲ್ಲ, ಅವರ ನೀರೇ ಬೇರೆ.

ಒಂದು ಸಾವನ್ನು ಹತ್ತಿರದಿಂದ ನೋಡೋಣ. ಎರಡು ವರ್ಷದ ಹಳೆಯ ಟ್ಯಾಂಕ್. ಆವಿಯಾದಷ್ಟು ನೀರನ್ನು ಆಗಾಗ ತುಂಬಿಸಿದ್ದಾರೆ, ಬದಲಿಸಿಲ್ಲ. ಮೀನುಗಳು ಚೆನ್ನಾಗಿಯೇ ಇವೆ. ಆದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗಲೆಲ್ಲ ನೀರಿನ ಕ್ಷಾರಗುಣವನ್ನು ತಿನ್ನುತ್ತವೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ಅದು ತೀರಿದ ಮೇಲೆ ಪಿಎಚ್ ಜಾರತೊಡಗುತ್ತದೆ. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುವಷ್ಟು ಮಂಕಾಗುತ್ತವೆ. ಅಮೋನಿಯಾ ಸೇರುತ್ತಾ ಹೋಗುತ್ತದೆ. ಲೀಟರಿಗೆ 8 ಮಿಲಿಗ್ರಾಂ ಆಯಿತೆನ್ನಿ. ಆದರೂ ಪಿಎಚ್ ಕಡಿಮೆ ಇರುವುದರಿಂದ ಅದರಲ್ಲಿ ವಿಷರೂಪದ್ದು 0.005 ಮಿಲಿಗ್ರಾಂ ಕೂಡ ಇಲ್ಲ. ಮೀನು ಬದುಕಿದೆ, ಹಸಿವು ಸ್ವಲ್ಪ ಕಮ್ಮಿ, ಬಣ್ಣ ಸ್ವಲ್ಪ ಮಂಕು.

ನೆಂಟರು ಬರುತ್ತಾರೆಂದು ಮನೆಯವರು ಟ್ಯಾಂಕನ್ನು ತೊಳೆಯಲು ಹೊರಡುತ್ತಾರೆ. ಅರ್ಧದಷ್ಟು ನೀರು ತೆಗೆದು ಬೋರ್‌ವೆಲ್ ನೀರು ತುಂಬುತ್ತಾರೆ. ಒಟ್ಟು ಅಮೋನಿಯಾ 8ರಿಂದ 4ಕ್ಕೆ ಇಳಿಯಿತು. ಪಿಎಚ್ ಮಾತ್ರ 8ರ ಹತ್ತಿರಕ್ಕೆ ಏರಿತು. ಈಗ ವಿಷರೂಪದ ಅಮೋನಿಯಾ ಸುಮಾರು 0.2 ಮಿಲಿಗ್ರಾಂ. ನೀರು ಅರ್ಧ ಬದಲಾದರೂ ವಿಷ ನಲವತ್ತು ಪಟ್ಟಿಗೂ ಮಿಗಿಲಾಗಿ ಹೆಚ್ಚಿದೆ. 0.05ಕ್ಕೇ ಕಿವಿರು ಹಾಳಾಗಲು ಶುರುವಾಗುತ್ತದೆ. ಅದರ ಮೇಲೆ ಎರಡು ಅಂಕಿ ಪಿಎಚ್ ಏಕಾಏಕಿ ಏರಿದ ಆಘಾತ ಬೇರೆ. ರಾತ್ರಿ ಕಳೆಯುವಷ್ಟರಲ್ಲಿ ಮೀನುಗಳು ಮೇಲೆ ತೇಲುತ್ತವೆ. ಮನೆಯವರು ಇದರಿಂದ ಕಲಿಯುವ ಪಾಠ: ನೀರು ಬದಲಿಸಿದರೆ ಮೀನು ಸಾಯುತ್ತದೆ. ಮುಂದಿನ ಟ್ಯಾಂಕಿಗೆ ಅವರು ನೀರು ಬದಲಿಸುವುದೇ ಇಲ್ಲ. ಅಂಗಡಿಯವರು ‘ಏನೋ ವೈರಸ್ ಬಂದಿರ್ಬೇಕು’ ಎಂದು ಸಮಾಧಾನ ಹೇಳುತ್ತಾರೆ. ಅಮೋನಿಯಾ ಮತ್ತು ಪಿಎಚ್ ಎರಡರ ಹನಿ ಪರೀಕ್ಷೆಯ ಕಿಟ್ ಮನೆಯಲ್ಲಿದ್ದಿದ್ದರೆ ಈ ಸಾವು ಹತ್ತು ನಿಮಿಷಕ್ಕೆ ಅರ್ಥವಾಗುತ್ತಿತ್ತು, ತೊಳೆಯುವ ಮೊದಲೇ ನೋಡಿದ್ದರೆ ತಪ್ಪುತ್ತಲೂ ಇತ್ತು. ಇಂಥ ಟ್ಯಾಂಕಿಗೆ ದಿನಕ್ಕೆ ಹತ್ತನೇ ಒಂದು ಪಾಲಿನಂತೆ, ಕೆಲವು ವಾರ ನಿಧಾನವಾಗಿ ನೀರು ಬದಲಿಸುತ್ತಾ, ಊಟ ಕಡಿಮೆ ಮಾಡುತ್ತಾ ಬರಬೇಕು. ಅಂಗಡಿಯ ಕಪಾಟಿನಲ್ಲಿರುವ ಯಾವ ಔಷಧಿಗೂ ಇದರಲ್ಲಿ ಪಾತ್ರವಿಲ್ಲ.

ಮನೆಯ ಒಳಗಿನ ಇನ್ನೂ ಕೆಲವು ಕಾರಣಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ನೀರು ಬದಲಿಸಿದವರ ಮೀನುಗಳು ಒಟ್ಟಿಗೇ ಸಾಯುತ್ತವೆ. ಎಂದಿನ ಲೆಕ್ಕದ ಆ್ಯಂಟಿ-ಕ್ಲೋರಿನ್ ಹನಿ ಅಷ್ಟು ಕ್ಲೋರಿನ್ನಿಗೆ ಸಾಲುವುದಿಲ್ಲ. ಸೊಳ್ಳೆ ಓಡಿಸುವ ಬತ್ತಿ, ದ್ರಾವಣ, ಜಿರಲೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಬಹುತೇಕ ಇರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ. ನಮ್ಮ ದೇಹ ಅದನ್ನು ಬೇಗ ಒಡೆದು ಹಾಕುತ್ತದೆ, ಮೀನಿನ ದೇಹಕ್ಕೆ ಅದು ಸಾಧ್ಯವಾಗುವುದಿಲ್ಲ. ಟ್ಯಾಂಕಿನ ಮೇಲಿಟ್ಟ ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ ಎಂಬುದನ್ನು ನೆನೆದರೆ ಸಾಕು. ಕರೆಂಟ್ ಹೋಗಿ ಗಂಟೆಗಟ್ಟಲೆ ಫಿಲ್ಟರ್ ನಿಂತಾಗ ಮುಚ್ಚಿದ ಕ್ಯಾನಿಸ್ಟರಿನೊಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಸಾಯುತ್ತವೆ, ಕರೆಂಟ್ ಬಂದ ಕೂಡಲೇ ಆ ಕೊಳೆ ಟ್ಯಾಂಕಿಗೆ ಬರುತ್ತದೆ. ಬೇಸಿಗೆಯೂ ಸುಮ್ಮನಿರುವುದಿಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದರಲ್ಲೂ ಹತ್ತನೇ ಒಂದು ಪಾಲು ಖೋತಾ.

ಎಲ್ಲ ಜಾತಿಯ ಮೀನುಗಳೂ ಒಂದೇ ದಿನ ನರಳಿದರೆ ನೀರನ್ನು ಅನುಮಾನಿಸಬೇಕು. ಒಂದೊಂದಾಗಿ, ದಿನಗಳ ಅಂತರದಲ್ಲಿ ಬಿದ್ದರೆ ಸೋಂಕನ್ನು. ಒಂದೇ ಮೀನು ವಾರಗಟ್ಟಲೆ ಸೊರಗುತ್ತಿದ್ದು ಉಳಿದವು ಚೆನ್ನಾಗಿದ್ದರೆ ಆ ಮೀನಿನ ಒಳಗಿನ ಕಾಯಿಲೆಯನ್ನು. ಇದು ಕೈಮರದಷ್ಟೇ ನಿಖರ, ಆದರೆ ಅಂಗಡಿಯ ಕೌಂಟರಿನಲ್ಲಿ ಈ ಒಂದು ಪ್ರಶ್ನೆ ಕೇಳಿದರೂ ಅರ್ಧದಷ್ಟು ಔಷಧಿ ಉಳಿಯುತ್ತದೆ.

ಇನ್ನು ಔಷಧಿಗಳು. ನೀಲಿ ಔಷಧಿ ಎಂದರೆ ಮೆಥಿಲೀನ್ ಬ್ಲೂ. ಅದನ್ನು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯ. ಮೊಟ್ಟೆಗಳಿಗೆ ಬೂಷ್ಟು ಹಿಡಿಯದಂತೆ ಕಾಯಲು ಅದು ಒಳ್ಳೆಯದು. ನೈಟ್ರೈಟ್ ವಿಷದಿಂದ ಕಂದುಬಣ್ಣಕ್ಕೆ ತಿರುಗಿದ ರಕ್ತವನ್ನು ಸರಿಪಡಿಸಲೂ ಅದಕ್ಕೆ ಶಕ್ತಿಯಿದೆ. ಆದರೆ ಬೇರೆ ಬಕೆಟ್ಟಿನಲ್ಲೋ ಚಿಕಿತ್ಸೆಯ ಸಣ್ಣ ತೊಟ್ಟಿಯಲ್ಲೋ ಬಳಸಬೇಕಾದ ಔಷಧಿ ಅದು. ಮುಖ್ಯ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಮೋನಿಯಾದಿಂದ ನರಳುತ್ತಿರುವ ಮೀನಿಗೆ ಫಂಗಸ್ಸಿನ ಹೆಸರಿನಲ್ಲಿ ಇದನ್ನು ಹಾಕಿದರೆ ಅಮೋನಿಯಾ ಇನ್ನೂ ಏರುತ್ತದೆ, ಮೀನು ಇನ್ನೂ ನರಳುತ್ತದೆ, ಇನ್ನೂ ಹತ್ತು ಹನಿ ಬೀಳುತ್ತದೆ.

ಉಪ್ಪಿನ ಬಗ್ಗೆ ನನಗೆ ಗೌರವವಿದೆ. ಅಂಗಡಿಯವರ ಅನುಭವ ಇಲ್ಲಿ ವಿಜ್ಞಾನದ ಜೊತೆ ಹೆಗಲು ಕೊಟ್ಟು ನಿಲ್ಲುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿನ ಜೊತೆ ಪೈಪೋಟಿಗಿಳಿದು ಅದನ್ನು ಒಳಗೆ ಬಿಡುವುದಿಲ್ಲ. ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಮೀನಿನ ದೇಹದಿಂದ ಲವಣ ಸೋರುವ ಭಾರವನ್ನೂ ಇಳಿಸುತ್ತದೆ. ತೂಕ ಮಾಡದೆ ‘ಒಂದು ಮುಷ್ಟಿ’ ಎನ್ನುವುದಷ್ಟೇ ತಪ್ಪು. ಇಪ್ಪತ್ತು ಲೀಟರಿಗೂ ಇನ್ನೂರು ಲೀಟರಿಗೂ ಅದೇ ಮುಷ್ಟಿ ಹೇಗಾದೀತು?

ಬಿಳಿ ಚುಕ್ಕೆ ರೋಗದ ಚಿಕಿತ್ಸೆ ಎಡವುವುದು ಬೇರೆ ಕಡೆ. ಇಕ್ತಿಯಾಫ್ತೀರಿಯಸ್ ಎಂಬ ಏಕಕೋಶ ಜೀವಿ ಮೀನಿನ ಚರ್ಮದ ಹೊರಪದರದೊಳಗೆ ಹುದುಗಿ ಕೂತಾಗ ನಮಗೆ ರವೆಕಾಳಿನಂಥ ಚುಕ್ಕೆ ಕಾಣುತ್ತದೆ. ಆ ಹಂತದಲ್ಲಿ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟಲಾರದು. ಬಲಿತ ಮೇಲೆ ಅದು ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಮರಿಗಳು ಒಂದೆರಡು ದಿನದೊಳಗೆ ಇನ್ನೊಂದು ಮೀನನ್ನು ಸೇರದಿದ್ದರೆ ಸಾಯುತ್ತವೆ. ಔಷಧಿಗೆ ಸಿಕ್ಕುವುದು ಈಜುತ್ತಿರುವ ಆ ಮರಿಗಳು ಮಾತ್ರ. ಮೂರನೇ ದಿನ ಚುಕ್ಕೆಗಳು ಮಾಯವಾದಾಗ ಮನೆಯವರು ಔಷಧಿ ನಿಲ್ಲಿಸುತ್ತಾರೆ. ಚುಕ್ಕೆಗಳು ಹೋದದ್ದು ಪರಾವಲಂಬಿ ಬಲಿತು ತಾನಾಗಿಯೇ ಉದುರಿದ್ದರಿಂದ. ವಾರದೊಳಗೆ ಅದು ಹತ್ತು ಪಟ್ಟಾಗಿ ಮರಳುತ್ತದೆ. ಆಗ ‘ಈ ಕಂಪನಿಯ ಔಷಧಿ ಸರಿಯಿಲ್ಲ’ ಎಂದು ಬೇರೆ ಬಾಟಲಿ. 25 ಡಿಗ್ರಿಯ ಆಸುಪಾಸಿನಲ್ಲಿ ಈ ಜೀವನಚಕ್ರಕ್ಕೆ ಸುಮಾರು ಒಂದು ವಾರ ಬೇಕು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಚಿಕಿತ್ಸೆ ಮುಂದುವರಿಸಬೇಕು ಎಂಬುದು ಬಾಟಲಿಯ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕಾದ ಮಾತು.

ಹೀಟರ್ ಹಾಕಿ 30 ಡಿಗ್ರಿಗೆ ಏರಿಸುವುದು ಬಿಳಿ ಚುಕ್ಕೆಗೆ ಕೆಲಸ ಮಾಡುವ ಹಳೆಯ ಉಪಾಯ. ಇದೇ ಉಪಾಯ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಬೆಂಕಿಗೆ ಗಾಳಿಯಾಗುತ್ತದೆ. ಕಾಲಮ್ನಾರಿಸ್ ಬಂದ ಮೀನಿನ ಬಾಯಿಯ ಸುತ್ತ ಹತ್ತಿಯಂಥ ಬಿಳಿ ಕಟ್ಟುತ್ತದೆ, ಬೆನ್ನಿನ ಮೇಲೆ ಜೀನಿನ ಆಕಾರದ ಮಚ್ಚೆ ಮೂಡುತ್ತದೆ. ನೋಡಿದವರೆಲ್ಲ ಇದನ್ನು ಫಂಗಸ್ ಎನ್ನುತ್ತಾರೆ. ಬೆಚ್ಚಗಿನ ನೀರಿನಲ್ಲಿ ಇದು ಒಂದೆರಡು ದಿನಕ್ಕೇ ಟ್ಯಾಂಕ್ ಖಾಲಿ ಮಾಡಬಲ್ಲದು. ಒಂದೇ ಬಿಳಿ ಬಣ್ಣದ ಹಿಂದೆ ಒಂದಕ್ಕೊಂದು ವಿರುದ್ಧವಾದ ಚಿಕಿತ್ಸೆಗಳು. ಕಣ್ಣಳತೆಯಲ್ಲಿ ಮಾಡುವ ರೋಗನಿರ್ಣಯದ ಮಿತಿ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಕಾಣದು.

ಹಳದಿ ಪುಡಿಯ ಬಗ್ಗೆ, ಮನುಷ್ಯರ ಔಷಧಿ ಅಂಗಡಿಯಿಂದ ತಂದು ಒಡೆದು ಹಾಕುವ ಕ್ಯಾಪ್ಸೂಲುಗಳ ಬಗ್ಗೆ ನನ್ನ ಮಾತು ಕಠಿಣವಾಗಿಯೇ ಇರುತ್ತದೆ. ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕಟ್ಟಿಕೊಂಡು ಮೀನಿನ ಮೈಗೆ ಸೇರದ ವಸ್ತುವಾಗುತ್ತದೆ. ಬೋರ್‌ವೆಲ್ ನೀರಿನ ಟ್ಯಾಂಕಿಗೆ ಅದನ್ನು ಹಾಕಿದರೆ ನೀರು ಹಳದಿಯಾಗುವುದರ ಹೊರತು ಆಗುವುದು ಅಲ್ಪ. ಎರಿತ್ರೋಮೈಸಿನ್ ಕೆಲಸ ಮಾಡುವುದು ಮುಖ್ಯವಾಗಿ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ. ಸಿಹಿನೀರಿನ ಮೀನನ್ನು ಕಾಡುವ ಏರೋಮೊನಾಸ್, ಕಾಲಮ್ನಾರಿಸ್ ಎರಡೂ ಗ್ರಾಂ-ನೆಗೆಟಿವ್. ಜೊತೆಗೆ ಸಿಹಿನೀರಿನ ಮೀನು ನೀರು ಕುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ನೀರಿಗೆ ಬಿದ್ದ ಆ್ಯಂಟಿಬಯಾಟಿಕ್ ಮೀನಿನ ಮೂತ್ರಪಿಂಡ, ಯಕೃತ್ತಿನವರೆಗೆ ತಲುಪುವುದು ಕಷ್ಟ. ಆಹಾರದಲ್ಲಿ ಬೆರೆಸಿ ಕೊಡಬೇಕು, ಕಾಯಿಲೆ ಬಿದ್ದ ಮೀನು ಊಟ ಬಿಟ್ಟಿರುತ್ತದೆ. ಅಂದರೆ ಊಟ ಬಿಡುವ ಮೊದಲೇ ರೋಗ ತಿಳಿದಿರಬೇಕು.

ಆ ಔಷಧಿ ಹೋಗುವುದೆಲ್ಲಿಗೆ? ನೀರು ಬದಲಿಸಿದಾಗ ಚರಂಡಿಗೆ. ಬ್ರಿಟನ್ನಿಗೆ ಆಮದಾದ ಅಲಂಕಾರಿಕ ಮೀನುಗಳನ್ನೂ ಅವು ಬಂದ ಚೀಲದ ನೀರನ್ನೂ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳಲ್ಲಿದ್ದ ಏರೋಮೊನಾಸ್ ಬ್ಯಾಕ್ಟೀರಿಯಾಗಳು ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದವಾಗಿದ್ದವು. ಅಂದರೆ ಚೀಲದಲ್ಲಿ ಮೀನಿನ ಜೊತೆಗೇ, ಔಷಧಿಗೆ ಪಳಗಿದ ಬ್ಯಾಕ್ಟೀರಿಯಾವೂ ಪ್ರಯಾಣ ಮಾಡುತ್ತಿದೆ. ಮನುಷ್ಯರಿಗೇ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಿಯನ್ನು ಗಪ್ಪಿ ಮೀನಿಗೆ ಎರಡು ದಿನ ಹಾಕಿ ನಿಲ್ಲಿಸುವ ಅಭ್ಯಾಸ ಮೀನಿಗೂ ಒಳ್ಳೆಯದಲ್ಲ, ಮನೆಮಂದಿಗೂ ಅಲ್ಲ.

ಹಾಗಾದರೆ ಅಂದಾಜು ಬಿಟ್ಟು ಬೇರೆ ದಾರಿಯಿದೆಯೇ? ಇದೆ, ಮತ್ತು ಅದು ನೋಡಲು ಸೊಗಸಾದ ದಾರಿ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸಾಧಾರಣ ಮೈಕ್ರೋಸ್ಕೋಪು, ನಲವತ್ತರಿಂದ ನೂರು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಎದೆಯ ರೆಕ್ಕೆಯ ಹಿಂಭಾಗದಲ್ಲಿ ತಲೆಯಿಂದ ಬಾಲದ ಕಡೆಗೆ ಕವರ್‌ಸ್ಲಿಪ್ಪಿನ ಅಂಚಿನಿಂದ ಹಗುರವಾಗಿ ಸವರಿದರೆ ಒಂದಿಷ್ಟು ಲೋಳೆ ಬರುತ್ತದೆ. ಟ್ಯಾಂಕಿನದೇ ಒಂದು ಹನಿ ನೀರಿನಲ್ಲಿ ಅದನ್ನು ಹರಡಿ ತಕ್ಷಣ ನೋಡಬೇಕು. ನಲ್ಲಿ ನೀರು ಬಳಸಿದರೆ ಜೀವಿಗಳು ಸತ್ತು ಗುರುತು ಸಿಗದೆ ಹೋಗುತ್ತವೆ. ಬಿಳಿ ಚುಕ್ಕೆಯ ಜೀವಿಯಾದರೆ ನಿಧಾನವಾಗಿ ಹೊರಳುವ ದೊಡ್ಡ ಉಂಡೆ, ಮೈತುಂಬ ರೋಮ, ಒಳಗೆ ಕುದುರೆಲಾಳದ ಆಕಾರದ ಕೋಶಕೇಂದ್ರ. ಒಮ್ಮೆ ಕಂಡವರು ಮರೆಯುವಂತಿಲ್ಲ. ಟ್ರೈಕೋಡೈನಾ ಆದರೆ ದುಂಡನೆಯ ತಟ್ಟೆ, ನಡುವೆ ಹಲ್ಲಿನ ಬಳೆ, ಗಿರಗಿರನೆ ಸುತ್ತುತ್ತದೆ. ಗೈರೊಡ್ಯಾಕ್ಟೈಲಸ್ ಎಂಬ ಚರ್ಮದ ಹುಳ ಒಂದು ತುದಿಯ ಕೊಕ್ಕೆಗಳಿಂದ ಹಿಡಿದುಕೊಂಡು ಇನ್ನೊಂದು ತುದಿಯಿಂದ ತಡಕಾಡುತ್ತಿರುತ್ತದೆ. ಅದು ಮರಿ ಹಾಕುವ ಜಾತಿ, ತಾಯಿಯ ಹೊಟ್ಟೆಯೊಳಗೆ ಮರಿಯ ಕೊಕ್ಕೆಗಳೂ ಕಾಣುತ್ತವೆ. ಕಿವಿರಿನ ಹುಳ ಡ್ಯಾಕ್ಟೈಲೊಗೈರಸ್ ಮೊಟ್ಟೆಯಿಡುತ್ತದೆ, ತಲೆಯ ಬಳಿ ನಾಲ್ಕು ಕಪ್ಪು ಕಣ್ಚುಕ್ಕೆಗಳಿರುತ್ತವೆ. ಈ ವ್ಯತ್ಯಾಸ ಗೊತ್ತಾದರೆ ಚಿಕಿತ್ಸೆ ಬದಲಾಗುತ್ತದೆ: ಎರಡಕ್ಕೂ ಪ್ರಾಜಿಕ್ವಾಂಟೆಲ್ ಔಷಧಿಯೇ ಆದರೂ ಮೊಟ್ಟೆಯನ್ನು ಅದು ಕೊಲ್ಲಲಾರದ್ದರಿಂದ ಎರಡನೆಯದಕ್ಕೆ ಮತ್ತೆ ಮತ್ತೆ ಕೊಡಬೇಕು. ಮೈಯುಜ್ಜುವ ಮೀನಿಗೆ ತಿಂಗಳುಗಟ್ಟಲೆ ನೀಲಿ ಹನಿ ಹಾಕಿ ಸೋತವರ ಉತ್ತರ ಬಹಳ ಸಲ ಆ ಗಾಜಿನ ತುಂಡಿನ ಮೇಲೆ ಇರುತ್ತದೆ.

ಸತ್ತ ಮೀನನ್ನು ಹೂಕುಂಡದಲ್ಲಿ ಹೂಳುವ ಮೊದಲು ಕಿವಿರಿನ ಮುಚ್ಚಳ ಎತ್ತಿ ನೋಡುವ ಅಭ್ಯಾಸವೂ ನಮ್ಮಲ್ಲಿಲ್ಲ. ಆಗಷ್ಟೇ ಸತ್ತ ಮೀನಿನ ಕಿವಿರು ಕೆಂಪಗಿರಬೇಕು. ಕಂದಾಗಿದ್ದರೆ ನೈಟ್ರೈಟಿನ ಸುಳಿವು. ಬಿಳಿಚಿದ್ದರೆ, ಅಲ್ಲಲ್ಲಿ ಕೊಳೆತಿದ್ದರೆ, ಲೋಳೆ ಕಟ್ಟಿದ್ದರೆ ಒಂದೊಂದೂ ಒಂದೊಂದು ದಿಕ್ಕು ತೋರಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ರೋಗಗಳು ನಮ್ಮ ಕೈಮೀರಿದವು. ನಿಯಾನ್ ಟೆಟ್ರಾ ಮೀನಿನ ಕೆಂಪು-ನೀಲಿ ಪಟ್ಟಿ ತುಂಡು ತುಂಡಾಗಿ ಮಾಸುತ್ತಾ ಬೆನ್ನು ಡೊಂಕಾದರೆ ಅದು ಸ್ನಾಯುಗಳನ್ನು ತಿನ್ನುವ ಪ್ಲೀಸ್ಟೊಫೋರಾ ಎಂಬ ಸೂಕ್ಷ್ಮಜೀವಿಯ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಔಷಧಿಯಿಲ್ಲ. ಹುರುಪೆಗಳು ಎದ್ದು ನಿಂತು ಹೊಟ್ಟೆ ಊದಿದ ಡ್ರಾಪ್ಸಿ ಎಂದರೆ ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿದೆ ಎಂದರ್ಥ. ಆ ಹಂತದಿಂದ ಮರಳುವ ಮೀನು ಅಪರೂಪ. ತಿಂಗಳಾನುಗಟ್ಟಲೆ ಸೊರಗುತ್ತಾ ಹೊಟ್ಟೆ ಒಳಕ್ಕೆ ಹೋಗಿ, ಮೈಮೇಲೆ ಮಾಯದ ಹುಣ್ಣು ಎದ್ದರೆ ಮೀನಿನ ಕ್ಷಯವನ್ನು ಅನುಮಾನಿಸಬೇಕು. ಅದರ ಒಂದು ಕಾರಣವಾದ ಮೈಕೋಬ್ಯಾಕ್ಟೀರಿಯಂ ಮರೈನಮ್ ಅನ್ನು ಮೊದಲು ಬೇರ್ಪಡಿಸಿದ್ದು 1926ರಲ್ಲಿ, ಫಿಲಡೆಲ್ಫಿಯಾದ ಅಕ್ವೇರಿಯಮ್ಮಿನಲ್ಲಿ ಸತ್ತ ಮೀನುಗಳಿಂದ. ಅದು ಗಾಯವಿರುವ ಕೈಯಿಂದ ಮನುಷ್ಯರಿಗೂ ಬರುತ್ತದೆ. 30 ಡಿಗ್ರಿಯ ಸುತ್ತ ಚೆನ್ನಾಗಿ ಬೆಳೆಯುವ ಬ್ಯಾಕ್ಟೀರಿಯಾ ಆದ್ದರಿಂದ ದೇಹದ ತಂಪಾದ ಭಾಗಗಳಾದ ಬೆರಳು, ಮೊಣಕೈಗಳಲ್ಲಿ ಗಂಟು ಕಟ್ಟುತ್ತದೆ, ವಾಸಿಯಾಗಲು ತಿಂಗಳುಗಳ ಔಷಧಿ ಬೇಕು. ಕೈಮೇಲಿನ ಗಂಟು ಹೋಗದಿದ್ದರೆ, ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ಚರ್ಮವೈದ್ಯರಿಗೆ ಹೇಳುವುದನ್ನು ಮರೆಯಬಾರದು. ಕೈಯಲ್ಲಿ ಗಾಯವಿದ್ದಾಗ ಟ್ಯಾಂಕಿಗೆ ಕೈ ಹಾಕಬಾರದು, ಸೈಫನ್ ಪೈಪನ್ನು ಬಾಯಿಂದ ಎಳೆಯಲೂ ಬಾರದು.

ಉಳಿಯುವ ಆಸೆಯಿಲ್ಲದ ಮೀನಿಗೆ ಮೂರನೇ, ನಾಲ್ಕನೇ ಔಷಧಿ ಹಾಕುತ್ತಾ ಹೋಗುವುದು ದಯೆಯಲ್ಲ. ಲವಂಗದ ಎಣ್ಣೆ ಮೀನಿಗೆ ಅರಿವಳಿಕೆ. ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಚೆನ್ನಾಗಿ ಕುಲುಕಿ, ಲೀಟರಿಗೆ ಅರ್ಧ ಮಿಲಿಲೀಟರಿನ ಲೆಕ್ಕದಲ್ಲಿ ಬೇರೆ ಪಾತ್ರೆಯ ಟ್ಯಾಂಕ್ ನೀರಿಗೆ ಬೆರೆಸಿ ಮೀನನ್ನು ಬಿಟ್ಟರೆ ಅದು ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಕಿವಿರು ಆಡುವುದು ನಿಂತ ಮೇಲೂ ಕನಿಷ್ಠ ಹತ್ತು ನಿಮಿಷ ಹಾಗೇ ಬಿಡಬೇಕು. ಟಾಯ್ಲೆಟ್ಟಿಗೆ ಸುರಿದು ಫ್ಲಶ್ ಮಾಡುವುದು, ಜೀವಂತ ಮೀನನ್ನು ಫ್ರೀಜರಿಗೆ ಹಾಕುವುದು ಕ್ರೂರ. ಕೆರೆಗೆ ಬಿಡುವುದಂತೂ ರೋಗವನ್ನು ಊರಿಗೆ ಹಂಚಿದಂತೆ.

ಈ ಪದ್ಧತಿ ಹೀಗೆ ಬೆಳೆದದ್ದರ ಹೊಣೆಯನ್ನು ಅಂಗಡಿಯವರೊಬ್ಬರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ನಾಯಿಗೆ ಜ್ವರ ಬಂದರೆ ಹೋಗಲು ತಾಲ್ಲೂಕಿಗೊಂದು ಪಶು ಆಸ್ಪತ್ರೆಯಿದೆ. ಪಶುವೈದ್ಯರ ಪಾಠದಲ್ಲಿ ಮೀನಿಗೆ ಸಿಗುವ ಜಾಗ ಸಣ್ಣದು. ಮೀನಿನ ರೋಗಗಳನ್ನು ಓದಿಕೊಂಡವರು ಇರುವುದು ಮೀನುಗಾರಿಕೆಯ ಕಡೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ದೇಶದಲ್ಲೇ ಮೊದಲನೆಯದು. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಆದರೆ ಇವರ ಕಣ್ಣು ಸಹಜವಾಗಿಯೇ ಕಾಟ್ಲಾ, ರೋಹು, ಸೀಗಡಿ ಸಾಕುವ ರೈತರ ಮೇಲಿದೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಕೂಡ ಮೀನು ಕೃಷಿಕರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಪಶುವೈದ್ಯಕ್ಕೂ ಮೀನುಗಾರಿಕೆಗೂ ನಡುವೆ ಮನೆಯ ಗಾಜಿನ ತೊಟ್ಟಿ ಯಾರಿಗೂ ಸೇರದೆ ಉಳಿದಿದೆ. ಆ ಜಾಗವನ್ನು ಅಂಗಡಿಯ ಕೌಂಟರು ತುಂಬಿಕೊಂಡಿತು, ಅಷ್ಟೇ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಮೀನುಗಾರಿಕೆ ಪದವಿ ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರು ನಮ್ಮ ರಾಜ್ಯದಲ್ಲಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ನಾಲ್ಕಾರು ಅಂಗಡಿಗಳು ಸೇರಿ ಭಾನುವಾರ ಮಧ್ಯಾಹ್ನ ಇಂಥವರೊಬ್ಬರನ್ನು ಒಂದು ಮೈಕ್ರೋಸ್ಕೋಪು, ಅಮೋನಿಯಾ-ನೈಟ್ರೈಟ್-ಪಿಎಚ್-ಗಡಸುತನದ ನಾಲ್ಕು ಕಿಟ್‌ಗಳ ಜೊತೆ ಕೂರಿಸಲಿ. ಬರುವವರು ಕಾಯಿಲೆಯ ಮೀನನ್ನು ಅದರದೇ ಟ್ಯಾಂಕ್ ನೀರಿನಲ್ಲಿ, ಜೊತೆಗೆ ಬೇರೆ ಬಾಟಲಿಯಲ್ಲಿ ಅರ್ಧ ಲೀಟರ್ ನೀರನ್ನೂ ತರಲಿ. ನೋಡಿದ್ದಕ್ಕೆ ಒಂದಿಷ್ಟು ಫೀಸು ತೆಗೆದುಕೊಳ್ಳಲಿ. ಔಷಧಿ ಬೇಡವೆಂದು ಹೇಳಿದ ದಿನವೂ ಆ ಫೀಸು ಸಿಗುವಂತಿರಲಿ.